ಸೇರಿದವರಿಗೆ ಬಿಡುವ ಹಕ್ಕೂ ಬೇಕು: ಟೈಮ್‌ಶೇರ್ ಸದಸ್ಯತ್ವ ಮತ್ತು ಮರುಮಾರಾಟ ಕುರಿತ ಹಕ್ಕೊತ್ತಾಯ ಪತ್ರ

ಇವರಿಗೆ: ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ, ಕರ್ನಾಟಕ ಸರ್ಕಾರದ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆ, ಹಾಸನ ಜಿಲ್ಲಾಧಿಕಾರಿಗಳು, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ರಜಾ ಸದಸ್ಯತ್ವ ಮಾರುವ ಕಂಪನಿಗಳು, ಅದಕ್ಕೆ ಸಾಲ ಕೊಡುವ ಬ್ಯಾಂಕುಗಳು.

ಇವರಿಂದ: ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಟೈಮ್‌ಶೇರ್ ಸದಸ್ಯರು ಮತ್ತು ಅವರ ಮನೆಯವರು.



ನಾವು ಶಾಲಾ ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದವರು, ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಗಳು, ಅರಕಲಗೂಡು ಕಡೆಯ ಹೊಗೆಸೊಪ್ಪು ಮತ್ತು ಆಲೂಗೆಡ್ಡೆ ಬೆಳೆಗಾರರು. ವರ್ಷಕ್ಕೊಂದು ವಾರದಂತೆ 25 ವರ್ಷ ರೆಸಾರ್ಟ್‌ನಲ್ಲಿ ಉಳಿಯಬಹುದು ಎಂಬ ಮಾತಿಗೆ ಲಕ್ಷಗಟ್ಟಲೆ ಕಟ್ಟಿದವರು. ನಮ್ಮಲ್ಲಿ ಕೆಲವರು ಮಡಿಕೇರಿ, ಊಟಿ, ಗೋವಾ ಸುತ್ತಿ ಸಂತೋಷಪಟ್ಟಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ರೆಸಾರ್ಟ್‌ಗಳ ಮೇಲೆ ನಮಗೆ ಹಗೆಯಿಲ್ಲ. ಒಮ್ಮೆ ಸೇರಿದವರು ಮರ್ಯಾದೆಯಿಂದ ಬಿಟ್ಟು ಬರಲು ದಾರಿಯೇ ಇಲ್ಲದ ವ್ಯವಸ್ಥೆಯ ಬಗ್ಗೆ ನಮ್ಮ ತಕರಾರು.

ಸೇರಲು ಒಂದು ಸಂಜೆ ಸಾಕು. ಪೆಟ್ರೋಲ್ ಬಂಕಿನಲ್ಲೋ ಬಟ್ಟೆ ಅಂಗಡಿಯ ಮುಂದೆಯೋ ಕೂಪನ್ ತುಂಬಿಸಿಕೊಳ್ಳುತ್ತಾರೆ. ಕೆಲವೇ ದಿನಕ್ಕೆ ಫೋನ್ ಬರುತ್ತದೆ: “ನಿಮಗೆ ಗಿಫ್ಟ್ ಬಂದಿದೆ ಸಾರ್, ಮೇಡಂ ಅವರನ್ನೂ ಕರಕೊಂಡು ಬನ್ನಿ.” ಹೋಟೆಲಿನ ಹಾಲ್‌ನಲ್ಲಿ ಗಂಟೆಗಟ್ಟಲೆ ಮಾತು. “ಈ ರೇಟು ಇವತ್ತಿಗೆ ಮಾತ್ರ” ಎನ್ನುತ್ತಾರೆ. ಎದ್ದು ಬರುವಷ್ಟರಲ್ಲಿ ಕಾರ್ಡ್ ಉಜ್ಜಿ ಆಗಿರುತ್ತದೆ, ಇಎಂಐಗೆ ಸಹಿಯೂ ಬಿದ್ದಿರುತ್ತದೆ. ನೇರಳೆ, ಕೆಂಪು, ಬಿಳಿ, ನೀಲಿ ಎಂದು ಸೀಸನ್‌ಗೆ ಬಣ್ಣ ಕಟ್ಟಿರುವುದರ ಅರ್ಥ ಮನೆಗೆ ಬಂದ ಮೇಲೆ ತಿಳಿಯುತ್ತದೆ. ಮಕ್ಕಳಿಗೆ ರಜೆ ಇರುವುದು ದಸರಾಕ್ಕೆ ಮತ್ತು ಬೇಸಿಗೆಗೆ. ನಾವು ಕೊಂಡ ಬಣ್ಣಕ್ಕೆ ಆ ದಿನಗಳಲ್ಲಿ ಕೊಠಡಿ ಇಲ್ಲ.

ಬಿಡುತ್ತೇವೆ ಎಂದಾಗ ಕಂಪನಿ “ಹಣ ವಾಪಸ್ ಬರುವುದಿಲ್ಲ, ಬೇಕಾದರೆ ಯಾರಿಗಾದರೂ ಮಾರಿಕೊಳ್ಳಿ” ಎನ್ನುತ್ತದೆ. ಯಾರಿಗೆ, ಎಲ್ಲಿ, ಎಷ್ಟಕ್ಕೆ ಎಂಬುದಕ್ಕೆ ಉತ್ತರವಿಲ್ಲ. ಅಲ್ಲಿಂದ ಮುಂದೆ ದಲ್ಲಾಳಿಗಳ ಕಾಲ. “ನಿಮ್ಮ ಮೆಂಬರ್‌ಶಿಪ್‌ಗೆ ಪಾರ್ಟಿ ರೆಡಿ ಇದೆ ಸಾರ್” ಎಂಬ ಕರೆ ಬರುತ್ತದೆ. ಸದಸ್ಯತ್ವದ ಸಂಖ್ಯೆ, ಕಟ್ಟಿದ ಹಣ, ಉಳಿದ ವರ್ಷ ಎಲ್ಲವನ್ನೂ ಅವರೇ ಹೇಳುತ್ತಾರೆ, ಹಾಗಾಗಿ ನಂಬಿಕೆ ಹುಟ್ಟುತ್ತದೆ. ಮೊದಲು ಲಿಸ್ಟಿಂಗ್ ಫೀ. ವಾರ ಬಿಟ್ಟು ಎನ್‌ಒಸಿಗೆ ಎಂದು ಇನ್ನಷ್ಟು. ಆಮೇಲೆ ಜಿಎಸ್‌ಟಿ, “ಇದು ರೀಫಂಡ್ ಆಗುತ್ತೆ” ಎಂಬ ಸಮಾಧಾನದ ಜೊತೆಗೆ. ಕೊನೆಗೆ ಟಿಡಿಎಸ್. ಅದನ್ನೂ ಕಟ್ಟಿದ ಮೇಲೆ ನಂಬರ್ ಸ್ವಿಚ್ ಆಫ್. ಕೆಲವು ತಿಂಗಳ ನಂತರ ಬೇರೊಬ್ಬರು ಫೋನ್ ಮಾಡಿ, ಹಿಂದೆ ಕಳೆದುಕೊಂಡದ್ದನ್ನು ಕೊಡಿಸುತ್ತೇವೆ ಎಂದು ಮತ್ತೆ ಹಣ ಕೇಳುತ್ತಾರೆ. ಇದು ನಮ್ಮ ಊರಿಗೆ ಮಾತ್ರ ಬಂದ ಪಿಡುಗಲ್ಲ. ಮೆಕ್ಸಿಕೋದ ರೆಸಾರ್ಟ್‌ಗಳಲ್ಲಿ ಟೈಮ್‌ಶೇರ್ ಕೊಂಡವರಿಗೆ ಇದೇ ತಂತ್ರದಿಂದ ಮೋಸವಾಗುತ್ತಿದೆ ಎಂದು 2024ರಲ್ಲಿ ಅಮೆರಿಕದ ಎಫ್‌ಬಿಐ ಮತ್ತು ಹಣಕಾಸು ಇಲಾಖೆ ಎಚ್ಚರಿಸಿದ್ದವು.

ಹಾಗೆಂದು “ವಾಪಸ್ ಕೊಳ್ಳುತ್ತೇವೆ, ಲಾಭ ಕೊಡುತ್ತೇವೆ” ಎಂಬ ಭರವಸೆಯನ್ನು ನಾವು ಕೇಳುತ್ತಿಲ್ಲ. ಮುಂಬೈ ಮೂಲದ ಪ್ಯಾನ್‌ಕಾರ್ಡ್ ಕ್ಲಬ್ಸ್ ಪ್ರಕರಣ ಕಣ್ಣ ಮುಂದಿದೆ. ಕೊಠಡಿಯ ರಾತ್ರಿಗಳನ್ನು ಮಾರಿ, ಬಳಸದಿದ್ದರೆ ಅವಧಿಯ ಕೊನೆಗೆ ಹೆಚ್ಚಿನ ಹಣ ಕೊಡುತ್ತೇವೆ ಎಂದ ಆ ಯೋಜನೆಯನ್ನು ಸೆಬಿ ಅನಧಿಕೃತ ಸಾಮೂಹಿಕ ಹೂಡಿಕೆ ಎಂದು ಪರಿಗಣಿಸಿತು. ಸುಮಾರು 51 ಲಕ್ಷ ಜನರಿಂದ ಸಂಗ್ರಹಿಸಿದ 7,035 ಕೋಟಿ ರೂಪಾಯಿ ಹಿಂದಿರುಗಿಸಲು 2016ರ ಫೆಬ್ರುವರಿಯಲ್ಲಿ ಆದೇಶಿಸಿತು. ರಜೆಯ ಹೆಸರಿನಲ್ಲಿ ಚೀಟಿ ನಡೆಸುವುದು ಬೇಡ. ಕೊಂಡದ್ದನ್ನು ಲೆಕ್ಕ ಹಾಕಿ ಬಿಡಲು ಒಂದು ನ್ಯಾಯವಾದ ದಾರಿ ಬೇಕು. ಅದಕ್ಕಾಗಿ ನಮ್ಮ ಹಕ್ಕೊತ್ತಾಯಗಳು ಇವು.

1. ಪ್ರತ್ಯೇಕ ಕಾನೂನು ಮತ್ತು ಕಡ್ಡಾಯ ನೋಂದಣಿ

ಸೈಟು, ಫ್ಲ್ಯಾಟ್ ಯೋಜನೆಗಳಿಗೆ 2016ರ ರೇರಾ ಕಾಯ್ದೆ ಇದೆ. ವಿಮೆಗೆ ಐಆರ್‌ಡಿಎಐ, ಷೇರಿಗೆ ಸೆಬಿ ಇವೆ. 25 ವರ್ಷದ ವಾಸದ ಹಕ್ಕನ್ನು ಮುಂಗಡ ಹಣಕ್ಕೆ ಮಾರುವ ಈ ವ್ಯವಹಾರಕ್ಕೆ ಮಾತ್ರ ಭಾರತದಲ್ಲಿ ಪ್ರತ್ಯೇಕ ಕಾನೂನಿಲ್ಲ. ಕೇಂದ್ರ ಸರ್ಕಾರ ಅಂಥ ಕಾನೂನನ್ನು ರೂಪಿಸಬೇಕು. ಎಷ್ಟು ಕೊಠಡಿ ಇವೆ, ಎಷ್ಟು ಸದಸ್ಯರಿದ್ದಾರೆ, ಯಾವ ಸೀಸನ್‌ನಲ್ಲಿ ಎಷ್ಟು ಕೋರಿಕೆ ತಿರಸ್ಕೃತವಾದವು ಎಂಬುದನ್ನು ಪ್ರತಿ ಕಂಪನಿ ವರ್ಷಕ್ಕೊಮ್ಮೆ ಬಹಿರಂಗಪಡಿಸಬೇಕು. ಇರುವ ಕೊಠಡಿಗೆ ಮೀರಿ ಸದಸ್ಯತ್ವ ಮಾರುವುದನ್ನು ನಿಷೇಧಿಸಬೇಕು.

2. ಯೋಚಿಸಲು 30 ದಿನ

ಜೀವವಿಮೆ ಪಾಲಿಸಿ ಕೈಗೆ ಬಂದ ಮೇಲೆ ಬೇಡವೆನಿಸಿದರೆ 30 ದಿನದೊಳಗೆ ಹಿಂದಿರುಗಿಸಬಹುದು. ಯುರೋಪಿನ ಒಕ್ಕೂಟ 2008ರ ನಿರ್ದೇಶನದಲ್ಲಿ ಟೈಮ್‌ಶೇರ್ ಕೊಂಡವರಿಗೆ ಕಾರಣ ಕೇಳದೆ ಹಿಂದೆ ಸರಿಯಲು 14 ದಿನ ಕೊಟ್ಟಿದೆ, ಅಷ್ಟು ದಿನ ಮುಂಗಡ ಪಡೆಯುವುದನ್ನೇ ನಿಷೇಧಿಸಿದೆ. ನಮಗೆ 30 ದಿನ ಬೇಕು. ಆ ಅವಧಿಯಲ್ಲಿ ಕಾರ್ಡ್ ಉಜ್ಜಬಾರದು, ಚೆಕ್ ಪಡೆಯಬಾರದು, ಕೊಟ್ಟ ಉಡುಗೊರೆಯ ಬೆಲೆ ಎಂದು ಹಣ ಮುರಿದುಕೊಳ್ಳಬಾರದು.

3. ಕನ್ನಡದಲ್ಲಿ ಎರಡು ಪುಟದ ಮುಖ್ಯಾಂಶ

ಬ್ಯಾಂಕುಗಳು ಚಿಲ್ಲರೆ ಸಾಲದ ಮುಖ್ಯಾಂಶಗಳನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದೇ ನಿಯಮ ಇಲ್ಲಿಗೂ ಬೇಕು. ಒಟ್ಟು ಬೆಲೆ, ವಾರ್ಷಿಕ ಶುಲ್ಕ, ಸೀಸನ್‌ಗೆ ಸೇರುವ ವಾರಗಳ ಪಟ್ಟಿ, ಬಿಡುವ ವಿಧಾನ, ಇಂದು ಮರುಮಾರಾಟದಲ್ಲಿ ಸಿಗುತ್ತಿರುವ ಸರಾಸರಿ ಬೆಲೆ ಇಷ್ಟೂ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು. ಮಾರಾಟಗಾರರು ಬಾಯಲ್ಲಿ ಕೊಟ್ಟ ಭರವಸೆಯನ್ನೂ ಅದರಲ್ಲಿ ಬರೆದು ಸಹಿ ಹಾಕಬೇಕು.

4. ವಾರ್ಷಿಕ ಶುಲ್ಕಕ್ಕೆ ಮಿತಿ

ಸದಸ್ಯತ್ವದ ಬೆಲೆ ಒಂದು ಸಲದ್ದು, ವಾರ್ಷಿಕ ಶುಲ್ಕ ಪ್ರತಿ ವರ್ಷದ್ದು. ಇಂದು 20,000 ರೂಪಾಯಿ ಇರುವ ಶುಲ್ಕ ವರ್ಷಕ್ಕೆ ಶೇ 8ರಂತೆ ಏರಿದರೆ 9 ವರ್ಷಕ್ಕೆ ಸುಮಾರು 40,000, 18 ವರ್ಷಕ್ಕೆ ಸುಮಾರು 80,000 ಮುಟ್ಟುತ್ತದೆ. ಪಿಂಚಣಿಯಲ್ಲಿ ಬದುಕುವವರು ಇದನ್ನು ಹೊರಲಾರರು. ಎರಡನೇ ಕೈಯಿಂದ ಕೊಳ್ಳುವವರು ಹಿಂಜರಿಯುವುದೂ ಇದೇ ಕಾರಣಕ್ಕೆ. ಶುಲ್ಕದ ಏರಿಕೆ ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆಯನ್ನು ಮೀರಬಾರದು. ಶುಲ್ಕದ ಖರ್ಚಿನ ಲೆಕ್ಕಪರಿಶೋಧಿತ ವಿವರ ಸದಸ್ಯರಿಗೆ ಸಿಗಬೇಕು. ಕೋರಿದ ದಿನಗಳಿಗೆ ಕಂಪನಿ ಕೊಠಡಿ ಕೊಡದ ವರ್ಷದ ಶುಲ್ಕ ಮುಂದಿನ ವರ್ಷಕ್ಕೆ ಜಮೆಯಾಗಬೇಕು.

5. ಕಂಪನಿಗೇ ಮರಳಿಸುವ ಹಕ್ಕು

ಐದು ವರ್ಷ ಕಳೆದ ಯಾವ ಸದಸ್ಯರಿಗೂ ಸದಸ್ಯತ್ವ ಮರಳಿಸುವ ಹಕ್ಕಿರಬೇಕು. ಲೆಕ್ಕ ಸರಳ. 4 ಲಕ್ಷ ಕಟ್ಟಿ 10 ವರ್ಷ ಬಳಸಿದ್ದರೆ ಉಳಿದ 15 ವರ್ಷದ ಪಾಲು 2.4 ಲಕ್ಷ. ಅದರಲ್ಲಿ ಮಾರಾಟ ಮತ್ತು ಆಡಳಿತದ ಖರ್ಚೆಂದು ಕಂಪನಿ ಗರಿಷ್ಠ ಶೇ 30 ಮುರಿದುಕೊಂಡರೂ 1.68 ಲಕ್ಷ ಸದಸ್ಯರಿಗೆ ಬರಬೇಕು. ವಯಸ್ಸು, ಕಾಯಿಲೆ, ಕೆಲಸ ಹೋದದ್ದು ಇಂಥ ಕಾರಣಗಳಿದ್ದರೆ ಐದು ವರ್ಷದ ಷರತ್ತೂ ಬೇಡ. ಮರಳಿಸಿದ ದಿನದಿಂದ ವಾರ್ಷಿಕ ಶುಲ್ಕ ಬೆಳೆಯುವುದು ನಿಲ್ಲಬೇಕು.

6. ಮರುಮಾರಾಟಕ್ಕೆ ತೆರೆದ ಪಟ್ಟಿ

ಪ್ರತಿ ಕಂಪನಿ ಮಾರಾಟಕ್ಕಿರುವ ಹಳೆಯ ಸದಸ್ಯತ್ವಗಳ ಪಟ್ಟಿಯನ್ನು ತಾನೇ ನಡೆಸಬೇಕು. ಕೇಳಿದ ಬೆಲೆಯ ಜೊತೆಗೆ ನಿಜವಾಗಿ ಮಾರಾಟವಾದ ಬೆಲೆಯೂ ಅದರಲ್ಲಿ ಕಾಣಬೇಕು. ಕೊಳ್ಳುವವರ ಹಿತವೂ ಇದರಲ್ಲಿದೆ. ಉಳಿದ ವರ್ಷ, ಸೀಸನ್, ಕೊಠಡಿಯ ಗಾತ್ರ, ಬಾಕಿ ಶುಲ್ಕ, ಬಾಕಿ ಸಾಲ ಇವನ್ನು ನಮೂದಿಸಿದ ಸ್ಥಿತಿಪತ್ರವನ್ನು ಏಳು ದಿನದೊಳಗೆ ಉಚಿತವಾಗಿ ಕೊಡಬೇಕು. ವರ್ಗಾವಣೆ ಶುಲ್ಕ ನಿಜವಾದ ಕಾಗದಪತ್ರದ ಖರ್ಚಿಗೆ ಸೀಮಿತವಾಗಬೇಕು. ಮೊದಲ ಸದಸ್ಯರಿಗೆ ಇದ್ದ, ಬೇರೆ ರೆಸಾರ್ಟ್‌ನಲ್ಲಿ ಉಳಿಯುವ ವಿನಿಮಯ ಸೌಲಭ್ಯ ಕೊಂಡವರಿಗೂ ದಾಟಬೇಕು. ಕೈ ಬದಲಾದ ಕೂಡಲೇ ಸೌಲಭ್ಯ ಕಿತ್ತುಕೊಳ್ಳುವ ಷರತ್ತು ಹಾಕಿದರೆ, ಸದಸ್ಯತ್ವದ ಬೆಲೆಯನ್ನು ಕಂಪನಿಯೇ ಬೀಳಿಸಿದಂತೆ.

7. ಮಾರಾಟವಾಗುವ ಮುನ್ನ ದಲ್ಲಾಳಿಗೆ ಹಣವಿಲ್ಲ

ಮರುಮಾರಾಟ ಮುಗಿಯುವವರೆಗೆ ಮಧ್ಯವರ್ತಿ ಯಾವ ಹಣವನ್ನೂ ಪಡೆಯುವಂತಿಲ್ಲ ಎಂದು ಯುರೋಪಿನ ಅದೇ ನಿರ್ದೇಶನ ಹೇಳುತ್ತದೆ. ಇದೊಂದು ನಿಯಮ ಇಲ್ಲಿ ಬಂದರೆ ನಮ್ಮನ್ನು ಸುಲಿಯುತ್ತಿರುವ ಕರೆಗಳ ಬೇರೇ ಕಡಿದಂತಾಗುತ್ತದೆ. ಮಧ್ಯವರ್ತಿಗಳ ನೋಂದಣಿ ಕಡ್ಡಾಯವಾಗಬೇಕು. ಸದಸ್ಯರ ವಿವರ ಅಪರಿಚಿತರ ಕೈಗೆ ಹೇಗೆ ಹೋಗುತ್ತಿದೆ ಎಂಬುದನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬೆಳಕಿನಲ್ಲಿ ಕಂಪನಿಗಳು ತನಿಖೆ ಮಾಡಿ ಸದಸ್ಯರಿಗೆ ತಿಳಿಸಬೇಕು.

8. ಮಕ್ಕಳ ತಲೆಗೆ ಕಟ್ಟಬೇಡಿ

ಸದಸ್ಯರು ತೀರಿಕೊಂಡರೆ ವಾರಸುದಾರರು ಮುಂದುವರಿಸಬಹುದು, ಇಲ್ಲವೇ ಬಾಕಿಯಿಲ್ಲದೆ ಬಿಡಬಹುದು. ಈ ಆಯ್ಕೆ ಅವರದಾಗಿರಬೇಕು. ಮರಣ ಪ್ರಮಾಣಪತ್ರ ಕೊಟ್ಟ ಮೇಲೂ ವಾರ್ಷಿಕ ಶುಲ್ಕದ ನೋಟಿಸು ಕಳಿಸುವುದು, ವಸೂಲಿಯವರಿಂದ ಫೋನ್ ಮಾಡಿಸುವುದು ಶಿಕ್ಷಾರ್ಹವಾಗಬೇಕು.

9. ಸದಸ್ಯತ್ವ ರದ್ದಾದರೆ ಸಾಲವೂ ರದ್ದು

ಮಾರುವ ಮೇಜಿನ ಪಕ್ಕದಲ್ಲೇ ಕುಳಿತು ಇಎಂಐಗೆ ಸಹಿ ಹಾಕಿಸಿಕೊಳ್ಳುವ ಸಾಲ ಸಂಸ್ಥೆ, ಸದಸ್ಯತ್ವ ಬಿಟ್ಟಾಗ ತನಗೂ ಅದಕ್ಕೂ ಸಂಬಂಧವಿಲ್ಲ ಎನ್ನಬಾರದು. 30 ದಿನದೊಳಗೆ ಸದಸ್ಯತ್ವ ಬಿಟ್ಟರೆ ಸಾಲ ತಾನಾಗಿ ರದ್ದಾಗಬೇಕು, ಸಿಬಿಲ್ ಅಂಕಕ್ಕೆ ಪೆಟ್ಟು ಬೀಳಬಾರದು.

10. ಅನ್ಯಾಯದ ಒಪ್ಪಂದದ ದೂರು ಹಾಸನದಲ್ಲೇ ನಡೆಯಲಿ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಸವಿರುವ ಊರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಅವಕಾಶ ಕೊಟ್ಟಿದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ “ಒಪ್ಪಂದವೇ ಅನ್ಯಾಯದ್ದು” ಎಂಬ ದೂರನ್ನು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಹೊಳೆನರಸೀಪುರದ ನಿವೃತ್ತ ಮೇಷ್ಟ್ರು ನಸುಕಿನ ಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಮುಂದಿನ ತಾರೀಕು ಬರೆಸಿಕೊಂಡು ರಾತ್ರಿ ಮರಳಬೇಕೇ? ಕಾಯ್ದೆಗೆ ತಿದ್ದುಪಡಿ ತಂದು 50 ಲಕ್ಷದವರೆಗಿನ ಇಂಥ ದೂರುಗಳನ್ನು ಜಿಲ್ಲಾ ಆಯೋಗಕ್ಕೆ ಕೊಡಬೇಕು. ಅಲ್ಲಿಯವರೆಗೆ ವಿಡಿಯೊ ವಿಚಾರಣೆಯ ಸೌಲಭ್ಯವನ್ನು ತಾಲ್ಲೂಕು ಕೇಂದ್ರಗಳಲ್ಲಿ ಒದಗಿಸಬೇಕು. ತಕರಾರಿದ್ದರೆ ದೂರದ ನಗರದಲ್ಲಿ ಮಧ್ಯಸ್ಥಿಕೆಗೆ ಬನ್ನಿ ಎಂಬ ಷರತ್ತನ್ನು ಒಪ್ಪಂದಗಳಿಂದ ತೆಗೆಯಬೇಕು. ಅಂಥ ಷರತ್ತು ಗ್ರಾಹಕ ಆಯೋಗದ ಬಾಗಿಲು ಮುಚ್ಚಲಾರದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಎಮಾರ್ ಎಂಜಿಎಫ್ ಎಂಬ ಕಟ್ಟಡ ನಿರ್ಮಾಣ ಕಂಪನಿಯ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೂ ಆ ಷರತ್ತನ್ನು ತೋರಿಸಿ ಹೆದರಿಸುವುದು ನಿಂತಿಲ್ಲ.

11. ಜಿಲ್ಲಾಧಿಕಾರಿಗಳ ವಿಚಾರಣೆ

ಅದೇ ಗ್ರಾಹಕ ಸಂರಕ್ಷಣಾ ಕಾಯ್ದೆಯ 16ನೇ ಕಲಂ ಪ್ರಕಾರ, ಗ್ರಾಹಕರ ಸಮೂಹಕ್ಕೆ ಆಗುತ್ತಿರುವ ಅನ್ಯಾಯದ ದೂರನ್ನು ಜಿಲ್ಲಾಧಿಕಾರಿಗಳು ವಿಚಾರಿಸಿ ವರದಿ ಸಲ್ಲಿಸಬಹುದು. ಈ ಪತ್ರವನ್ನೇ ದೂರೆಂದು ಸ್ವೀಕರಿಸಿ, ನಾಲ್ಕೂ ತಾಲ್ಲೂಕುಗಳಲ್ಲಿ ಒಂದೊಂದು ದಿನ ಅಹವಾಲು ಕೇಳಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬೇಕೆಂದು ಕೋರುತ್ತೇವೆ. ಜಿಲ್ಲೆಯ ಹೋಟೆಲುಗಳಲ್ಲಿ ನಡೆಯುವ ಉಡುಗೊರೆ ಆಮಿಷದ ಮಾರಾಟ ಸಭೆಗಳ ಬಗ್ಗೆ ಜಿಲ್ಲಾಡಳಿತಕ್ಕೆ ಮುಂಚಿತ ಮಾಹಿತಿ ಕೊಡುವುದನ್ನು ಕಡ್ಡಾಯ ಮಾಡಬೇಕು.

12. ಪೊಲೀಸರು ದೂರು ದಾಖಲಿಸಲಿ

ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಖಾತೆ ತಡೆಹಿಡಿಸುವ ಅವಕಾಶವಿದೆ. ಇದು ಬಹಳ ಜನರಿಗೆ ಗೊತ್ತೇ ಇಲ್ಲ. ದೂರು ತಂದವರನ್ನು “ಇದು ಸಿವಿಲ್ ವಿಷಯ” ಎಂದು ಠಾಣೆಯಿಂದ ವಾಪಸ್ ಕಳಿಸಬಾರದು. ಮಾರಿಕೊಡುತ್ತೇವೆಂದು ಸುಳ್ಳು ಹೇಳಿ ಹಣ ಪಡೆಯುವುದು ವಂಚನೆಯೇ ಹೊರತು ವ್ಯವಹಾರದ ಜಗಳವಲ್ಲ. ನಾಲ್ಕೂ ತಾಲ್ಲೂಕುಗಳ ದೂರುಗಳನ್ನು ಒಟ್ಟಿಗೆ ಸೈಬರ್ ಮತ್ತು ಆರ್ಥಿಕ ಅಪರಾಧಗಳನ್ನು ನೋಡುವ ಜಿಲ್ಲಾ ಸಿಇಎನ್ ಠಾಣೆ ತನಿಖೆ ಮಾಡಬೇಕು. ಒಂದೇ ಫೋನ್ ನಂಬರ್, ಒಂದೇ ಖಾತೆ ಹಲವು ದೂರುಗಳಲ್ಲಿ ಇದೆಯೇ ಎಂಬುದು ಆಗ ಗೊತ್ತಾಗುತ್ತದೆ.

ನಮ್ಮ ಕಡೆಯ ಹೊಣೆ

ಕೇಳುವವರಿಗೆ ಮಾಡುವ ಜವಾಬ್ದಾರಿಯೂ ಇರುತ್ತದೆ. ನಮ್ಮ ಸದಸ್ಯತ್ವ ಮಾರುವಾಗ ಬಾಕಿ, ಸೀಸನ್, ಉಳಿದ ವರ್ಷ ಯಾವುದನ್ನೂ ಕೊಳ್ಳುವವರಿಂದ ಮುಚ್ಚಿಡುವುದಿಲ್ಲ. ನಮಗಾದ ನಷ್ಟವನ್ನು ಇನ್ನೊಬ್ಬ ಅಮಾಯಕರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದಿಲ್ಲ. ಒಪ್ಪಂದ, ರಸೀದಿ, ಕೊಠಡಿ ನಿರಾಕರಿಸಿದ ಸಂದೇಶ, ದಲ್ಲಾಳಿಯ ನಂಬರ್ ಇವನ್ನು ಜೋಡಿಸಿ ವಿಚಾರಣೆಗೆ ಒದಗಿಸುತ್ತೇವೆ. ಮೋಸಹೋದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳದಂತೆ ಜೊತೆಗೆ ನಿಂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿಸುತ್ತೇವೆ.

ಇವುಗಳಲ್ಲಿ 1, 2, 4 ಮತ್ತು 10ಕ್ಕೆ ಹೊಸ ಶಾಸನ ಬೇಕು, ಅದಕ್ಕೆ ಕಾಲ ಹಿಡಿಯುತ್ತದೆ ಎಂದು ನಮಗೆ ಗೊತ್ತು. 11 ಮತ್ತು 12ಕ್ಕೆ ಈಗಿರುವ ಕಾನೂನೇ ಸಾಕು, 3, 6 ಮತ್ತು 8ನ್ನು ಕಂಪನಿಗಳು ಮನಸ್ಸು ಮಾಡಿದರೆ ನಾಳೆಯೇ ಜಾರಿಗೆ ತರಬಹುದು. ಆದ್ದರಿಂದ ಈ ಪತ್ರ ತಲುಪಿದ 60 ದಿನದೊಳಗೆ ಪ್ರತಿ ಹಕ್ಕೊತ್ತಾಯಕ್ಕೂ ಒಪ್ಪಿಗೆಯೋ ನಿರಾಕರಣೆಯೋ, ಕಾರಣ ಸಹಿತ ಲಿಖಿತ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇವೆ. ಉತ್ತರ ಬಾರದಿದ್ದರೆ ನಾಲ್ಕೂ ತಾಲ್ಲೂಕುಗಳ ಸದಸ್ಯರು ಒಂದೇ ದಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ನಮ್ಮ ನಮ್ಮ ದೂರುಗಳನ್ನು ಸಲ್ಲಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಟೈಮ್‌ಶೇರ್ ಸದಸ್ಯರು