ತಾವರೆಗೆ ನೈದಿಲೆ ನೆಂಟಳಲ್ಲ

ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದಾಗ ಬೆಂಗಳೂರಿನ ಹನುಮಂತನಗರದ ರಾಮಾಂಜನೇಯ ಗುಡ್ಡದ ಸುತ್ತಿನ ಬೀದಿಗಳ ಜನ ಗಾಂಧಿ ಬಜಾರಿನತ್ತ ಹೊರಡುವುದು ಹೂವಿಗಾಗಿ. ಸೇವಂತಿಗೆ ರಾಶಿಯ ಪಕ್ಕದಲ್ಲಿ ತಾವರೆ ಮೊಗ್ಗುಗಳು ಬಕೆಟ್ಟಿನ ನೀರಿನಲ್ಲಿ ನಿಂತಿರುತ್ತವೆ. ಜೊತೆಗೆ ಒಂದು ನೈದಿಲೆಯನ್ನೂ ಇಟ್ಟರೆ ನೋಡಿದವರು ಅವೆರಡನ್ನೂ ಅಕ್ಕತಂಗಿಯರೆಂದೇ ತಿಳಿದಾರು. ಎರಡೂ ಕೆರೆಯವು, ಎರಡಕ್ಕೂ ಕೆಸರಿನಲ್ಲಿ ಗೆಡ್ಡೆ, ಅಗಲವಾದ ಎಲೆ, ಸುತ್ತು ಸುತ್ತಾಗಿ ಜೋಡಿಸಿದ ಎಸಳು. ಸಸ್ಯವಿಜ್ಞಾನಿಗಳೂ ಬಹುಕಾಲ ಹಾಗೆಯೇ ತಿಳಿದಿದ್ದರು. ಬೆಂಥಮ್ ಮತ್ತು ಹೂಕರ್ 1862ರಿಂದ 1883ರ ನಡುವೆ ಹೊರತಂದ ಮಹಾಗ್ರಂಥದಲ್ಲಿ ಇವೆರಡಕ್ಕೂ ಒಂದೇ ಕುಟುಂಬ.

ಅನುಮಾನಕ್ಕೆ ಕಾರಣಗಳು ಆಗಲೂ ಇದ್ದವು. ನೈದಿಲೆಯ ಎಲೆಗೆ ತೊಟ್ಟಿನವರೆಗೆ ಒಂದು ಸೀಳಿದೆ, ತಾವರೆ ಎಲೆ ಪೂರ್ತಿ ದುಂಡು. ಸೂಕ್ಷ್ಮದರ್ಶಕದ ಕೆಳಗೆ ತಾವರೆಯ ಪರಾಗದಲ್ಲಿ ಮೂರು ಸೀಳುಗಳು ಕಾಣುತ್ತವೆ, ನೈದಿಲೆಯದರಲ್ಲಿ ಹಾಗಿಲ್ಲ. ಇಂಥ ವಿವರಗಳನ್ನು ಹಿಡಿದು ಕೆಲವರು ತಾವರೆಯನ್ನು ಬೇರೆ ಕುಟುಂಬಕ್ಕೆ ಸರಿಸಿದರು. ಆದರೆ ಅದರ ನಿಜವಾದ ಬಂಧುಗಳು ಯಾರು ಎಂಬುದಕ್ಕೆ ಉತ್ತರವಿರಲಿಲ್ಲ. 1993ರಲ್ಲಿ ಮಾರ್ಕ್ ಚೇಸ್ ಮತ್ತು ಸಂಗಡಿಗರು ಸುಮಾರು 500 ಬೀಜಸಸ್ಯಗಳ ಒಂದೇ ಜೀನನ್ನು ಹೋಲಿಸಿ ನೋಡಿದಾಗ ತಾವರೆ ಹೋಗಿ ಕುಳಿತದ್ದು ಪ್ಲೇನ್ ಮರಗಳ ಪಕ್ಕದಲ್ಲಿ. ಇಂದಿನ ವರ್ಗೀಕರಣದಲ್ಲಿ ತಾವರೆ ಇರುವ ಗಣದಲ್ಲೇ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸಿ, ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಕೂಡ ಇದೆ. ಕೆಸರಿನ ಹೂವಿಗೆ ಎತ್ತರದ ಮರವೇ ನೆಂಟ. ನೀರಿನಲ್ಲಿ ಪಕ್ಕದಲ್ಲೇ ತೇಲುವ ನೈದಿಲೆ ಬಹು ದೂರದ ಕವಲು.

ಇಂಥ ಕಥೆ ಓದಿದವರು ಸಾಮಾನ್ಯವಾಗಿ ಡಿಎನ್‌ಎ ಬಂತು, ಗೊಂದಲ ತೀರಿತು ಎಂದುಕೊಳ್ಳುತ್ತಾರೆ. ಹಾಗಾಗಿಲ್ಲ. ಬಂಧುತ್ವ ಖಚಿತವಾಗದ ಜೀವಿಗಳು ಇನ್ನೂ ಇವೆ. ಅಂಥವುಗಳ ಮುಂದೆ ಜೀವವಿಜ್ಞಾನಿಗಳು ‘ಇನ್ಸರ್ಟೇ ಸೆಡಿಸ್’ ಎಂದು ಬರೆಯುತ್ತಾರೆ, ಅಂದರೆ ಸ್ಥಾನ ಅನಿಶ್ಚಿತ. ಹೂಬಿಡುವ ಸಸ್ಯಗಳಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಪಿಜಿ ವರ್ಗೀಕರಣದ 2016ರ ಆವೃತ್ತಿಯೂ ಏಳು ಕುಲಗಳನ್ನು ಯಾವ ಕುಟುಂಬಕ್ಕೂ ಸೇರಿಸದೆ ಹೊರಗೆ ಪಟ್ಟಿ ಮಾಡಿದೆ. ಇದನ್ನು ವಿಜ್ಞಾನದ ಸೋಲೆಂದು ನೋಡಬಾರದು. ವಿಜ್ಞಾನ ತನ್ನ ಮಾತನ್ನು ತಾನೇ ಅಳೆದು ಆಡುವ ಬಗೆ ಇದು. ನಮ್ಮ ತರಗತಿಗಳಲ್ಲಿ, ಉದ್ಯಾನಗಳ ಮರದ ಫಲಕಗಳಲ್ಲಿ ಇದಕ್ಕೆ ಜಾಗವೇ ಇಲ್ಲದಿರುವುದು ಚಿಂತೆಯ ವಿಷಯ.

ಸಾಗುವಾನಿಯ ಕಥೆ ಕೇಳಬೇಕು. ದಾಂಡೇಲಿ, ಹಳಿಯಾಳದ ಕಾಡುಗಳ ಹೆಮ್ಮೆಯ ಮರ ಅದು. ಹಳೆಯ ಮನೆಗಳ ಬಾಗಿಲುವಾಡದಲ್ಲಿ, ತೊಟ್ಟಿಲಲ್ಲಿ ಅದನ್ನು ಮುಟ್ಟದೆ ಬೆಳೆದವರು ಕಡಿಮೆ. ಅದರಷ್ಟು ಅಳೆದ, ಕಡಿದ, ಹರಾಜು ಹಾಕಿದ ಮರ ಇನ್ನೊಂದು ಸಿಗುವುದು ಕಷ್ಟ. ಅಂಥದ್ದಕ್ಕೂ ಸ್ಥಾನ ಸಿಕ್ಕಿದ್ದು ತೀರಾ ಇತ್ತೀಚೆಗೆ. ಬಹುಕಾಲ ಅದನ್ನು ಲಂಟಾನ ಇರುವ ಕುಟುಂಬದಲ್ಲಿ ಇಟ್ಟಿದ್ದರು. 1990ರ ದಶಕದಲ್ಲಿ ಆ ಕುಟುಂಬವನ್ನು ಒಡೆದು ನೋಡಿದಾಗ ಸಾಗುವಾನಿ ತುಳಸಿ, ದೊಡ್ಡಪತ್ರೆ, ಪುದೀನಗಳ ಕುಟುಂಬಕ್ಕೆ ಬಂತು. ತುಳಸಿಯ ಕಾಂಡದ ಹಾಗೆ ಸಾಗುವಾನಿಯ ಎಳೆಯ ಕೊಂಬೆಯೂ ನಾಲ್ಕು ಮೂಲೆಯದು ಎಂಬುದು ಆಗ ಅರ್ಥವುಳ್ಳ ಗುರುತಾಯಿತು. ಕುಟುಂಬವೇನೋ ಗೊತ್ತಾಯಿತು, ಅದರೊಳಗೆ ಯಾವ ಕವಲು? 2004ರಲ್ಲಿ ರೇಮಂಡ್ ಹಾರ್ಲಿ ಮತ್ತು ಇತರರು ಇಡೀ ಕುಟುಂಬವನ್ನು ಏಳು ಉಪಕುಟುಂಬಗಳಾಗಿ ವಿಂಗಡಿಸಿದಾಗ ಹತ್ತು ಕುಲಗಳು ಎಲ್ಲಿಯೂ ಹೊಂದಲಿಲ್ಲ. ಅವನ್ನು ಸ್ಥಾನ ಅನಿಶ್ಚಿತ ಎಂದು ಪ್ರತ್ಯೇಕವಾಗಿ ಇಟ್ಟರು. ಸಾಗುವಾನಿಯ ಕುಲ ಅವುಗಳಲ್ಲಿ ಒಂದು.

ಅವರ ಮುಂದೆ ಸುಲಭದ ದಾರಿಗಳಿದ್ದವು. ಹತ್ತಿರ ಕಂಡ ಯಾವುದಾದರೂ ಉಪಕುಟುಂಬಕ್ಕೆ ತುರುಕಬಹುದಿತ್ತು, ಅಥವಾ ಹತ್ತನ್ನೂ ಒಟ್ಟಿಗೆ ಕಟ್ಟಿ ಹೊಸದೊಂದು ಗುಂಪು ಮಾಡಬಹುದಿತ್ತು. ಎರಡನ್ನೂ ಮಾಡದೆ ಕಾದರು. 2016ರಲ್ಲಿ ಕ್ಲೋರೊಪ್ಲಾಸ್ಟ್ ಜೀನ್‌ಗಳ ದೊಡ್ಡ ಅಧ್ಯಯನವೊಂದು ಬಂದು ಆ ಹತ್ತರಲ್ಲಿ ಕೆಲವಕ್ಕೆ ಮನೆ ತೋರಿಸಿತು. 2017ರಲ್ಲಿ ಬೋ ಲಿ ಮತ್ತು ರಿಚರ್ಡ್ ಓಲ್ಮ್‌ಸ್ಟೆಡ್ ಸಾಗುವಾನಿಗೆಂದೇ ‘ಟೆಕ್ಟೊನಾಯ್ಡೀ’ ಎಂಬ ಉಪಕುಟುಂಬವನ್ನು ಸ್ಥಾಪಿಸಿದರು. ಅದರಲ್ಲಿರುವುದು ಸಾಗುವಾನಿಯ ಒಂದೇ ಕುಲ, ಮೂರೇ ಪ್ರಭೇದ. 2004ರಲ್ಲೇ ಅದನ್ನು ಎಲ್ಲೋ ಸೇರಿಸಿಬಿಟ್ಟಿದ್ದರೆ, ಇದು ಒಂಟಿಯಾಗಿ ಉಳಿದ ಬೇರೆಯದೇ ಕವಲಿರಬಹುದೇ ಎಂಬ ಪ್ರಶ್ನೆಯನ್ನು ಕೇಳುವವರೂ ಕಡಿಮೆಯಾಗುತ್ತಿದ್ದರು.

ಬಂಧುತ್ವ ಪತ್ತೆ ಇಷ್ಟು ಕಷ್ಟವಾಗುವುದು ಏಕೆ? ಒಂದೇ ಬಗೆಯ ಬದುಕು ಒಂದೇ ಬಗೆಯ ಮೈಕಟ್ಟನ್ನು ರೂಪಿಸುತ್ತದೆ, ತಾವರೆ ನೈದಿಲೆಗಳಲ್ಲಿ ಆದದ್ದು ಅದೇ. ಕೆಲವೊಮ್ಮೆ ಹಲವು ಕವಲುಗಳು ಸ್ವಲ್ಪವೇ ಕಾಲದಲ್ಲಿ ಒಂದರ ಹಿಂದೊಂದು ಒಡೆದಿರುತ್ತವೆ. ಅಷ್ಟರಲ್ಲಿ ಜೀನ್‌ಗಳಲ್ಲಿ ಆಗುವ ಬದಲಾವಣೆ ತುಂಬ ಕಡಿಮೆ, ಕೋಟ್ಯಂತರ ವರ್ಷಗಳ ಮೇಲೆ ಆ ಅಲ್ಪ ಗುರುತೂ ಅಳಿಸಿಹೋಗಿರುತ್ತದೆ. ಕ್ಲೋರೊಪ್ಲಾಸ್ಟಿನ ಜೀನ್ ಒಂದು ಕಥೆ ಹೇಳಿದರೆ ಕೋಶಕೇಂದ್ರದ ಜೀನ್ ಇನ್ನೊಂದು ಹೇಳುವುದೂ ಉಂಟು. ಆಗ ವಂಶವೃಕ್ಷ ಬರೆಯುವವರು ಯಾವುದು ಮೊದಲು, ಯಾವುದು ನಂತರ ಎನ್ನದೆ ಎಲ್ಲ ಕವಲನ್ನೂ ಒಂದೇ ಗೆಣ್ಣಿನಿಂದ ಎಳೆದು ಬಿಡುತ್ತಾರೆ.

ಕಪ್ಪೆಗಳ ಲೋಕದಲ್ಲಿ ಈ ತೊಡಕು ಇನ್ನೂ ಹೆಚ್ಚು, ಮತ್ತು ಅಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಮಣ್ಣು ತೋಡಿ ಒಳಗೆ ಸೇರುವ ನಮ್ಮ ದಪ್ಪ ಮೈಯ ಬಿಲಗಪ್ಪೆಗಳನ್ನು ಆಫ್ರಿಕಾದ ಬಿಲಗಪ್ಪೆಗಳ ಕುಲಕ್ಕೇ ಬಹುಕಾಲ ಸೇರಿಸಿದ್ದರು. ತೋಡುವ ಕೆಲಸ ಎರಡಕ್ಕೂ ಒಂದೇ ಆಕಾರ ಕೊಟ್ಟಿತ್ತು, ಬಂಧುತ್ವ ಅಲ್ಲಿರಲಿಲ್ಲ. ಇಂದು ಅವು ಬೇರೆ ಬೇರೆ ಕುಟುಂಬಗಳಲ್ಲಿವೆ. ಈ ಗುಂಪಿನ ಹೊಸ ಪ್ರಭೇದವೊಂದನ್ನು 2020ರಲ್ಲಿ ನಗರದ ಅಂಚಿನ ರಾಜಾನುಕುಂಟೆಯಿಂದ ವಿವರಿಸಿದಾಗ ಅದಕ್ಕೆ ಸಿಕ್ಕ ಹೆಸರು ‘ಸ್ಫೆರೊಥೀಕಾ ಬೆಂಗಳೂರು’.

ಗದ್ದೆಗಳಲ್ಲಿ ಮಳೆ ಬಿದ್ದ ಕೂಡಲೇ ಒಟಗುಟ್ಟುವ ಪುಟ್ಟ ಕಪ್ಪೆಗಳದು ಇನ್ನೂ ಉದ್ದದ ಪ್ರಯಾಣ. ಮೊದಲು ರಾನಾ, ಆಮೇಲೆ ಲಿಮ್ನೊನೆಕ್ಟಿಸ್, ಫೆಜರ್ವರ್ಯ, ಝಕೆರಾನಾ, ಈಗ ಮಿನರ್ವರ್ಯ. ಹೆಸರು ಹೀಗೆ ಬದಲಾದರೆ ಪಾಠ ಹೇಳುವವರಿಗೂ ಅರಣ್ಯ ಇಲಾಖೆಯವರಿಗೂ ಬೇಸರ ಬರುವುದು ಸಹಜ, ಆ ದೂರಿನಲ್ಲಿ ಅರ್ಥವಿದೆ. ಆದರೆ ಹಳೆಯ ಹೆಸರಿಗೆ ಅಂಟಿಕೊಂಡಿದ್ದರಿಂದ ಆದ ನಷ್ಟ ಅದಕ್ಕಿಂತ ದೊಡ್ಡದು. ಜಾವಾದಿಂದ ವಿವರಿಸಿದ ಒಂದು ಕಪ್ಪೆಯ ಹೆಸರನ್ನೇ ಭಾರತದ ಗದ್ದೆಗಪ್ಪೆಗಳಿಗೂ ತಲೆಮಾರುಗಟ್ಟಲೆ ಹಚ್ಚಿದ್ದರಿಂದ, ಇದು ಎಲ್ಲೆಡೆ ಸಿಗುವ ಒಂದೇ ಕಪ್ಪೆ, ಚಿಂತೆಗೆ ಕಾರಣವಿಲ್ಲ ಎಂಬ ಭಾವನೆ ಬೇರೂರಿತ್ತು. ಆ ಒಂದು ಹೆಸರಿನಡಿ ಇದ್ದದ್ದು ಹಲವು ಪ್ರಭೇದಗಳು. ಗುರುತಿಸದೇ ಇರುವ ಜೀವಿಗೆ ಅಪಾಯ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯುವವರು ಯಾರು?

ತಾಳ್ಮೆಯ ಒಳ್ಳೆಯ ಉದಾಹರಣೆ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಸಿಗುತ್ತದೆ. 2010ರಲ್ಲಿ ವಯನಾಡಿನ ಕುರಿಚಿಯರ್ಮಲೆಯಲ್ಲಿ ಎಸ್.ಪಿ. ವಿಜಯಕುಮಾರ್ ಮತ್ತು ಸಂಗಡಿಗರಿಗೆ ಮೂರು ಸೆಂಟಿಮೀಟರಿಗೂ ಕಡಿಮೆ ಉದ್ದದ, ಮೈತುಂಬ ನೀಲಿಬಿಳಿ ಚುಕ್ಕೆಗಳಿದ್ದ, ಕಿತ್ತಳೆ ಹೊಟ್ಟೆಯ ಕಪ್ಪೆ ಕಂಡಿತು. ಗೊತ್ತಿದ್ದ ಯಾವ ಗುಂಪಿಗೂ ಅದು ಹೊಂದಲಿಲ್ಲ. ಡಿಎನ್‌ಎ ಓದಿ, ಸಿಟಿ ಸ್ಕ್ಯಾನಿನಲ್ಲಿ ಮೂಳೆಗಳನ್ನು ನೋಡಿ, ಸಂಗ್ರಹಾಲಯಗಳ ಮಾದರಿಗಳೊಂದಿಗೆ ಹೋಲಿಸಿ, 2019ರಲ್ಲಿ ಕಾರ್ತಿಕ್ ಶಂಕರ್ ಸೇರಿದಂತೆ ಆ ತಂಡ ಅದಕ್ಕೆ ‘ಆಸ್ಟ್ರೊಬಟ್ರಾಕಸ್ ಕುರಿಚಿಯಾನ’ ಎಂದು ಹೆಸರಿಟ್ಟು ಪ್ರತ್ಯೇಕ ಉಪಕುಟುಂಬವನ್ನೇ ಕೊಟ್ಟಿತು. ಅದರ ಹತ್ತಿರದ ಬಂಧುಗಳಲ್ಲಿ ಪಶ್ಚಿಮ ಘಟ್ಟದ ಇರುಳುಗಪ್ಪೆಗಳಿವೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಮೊಟ್ಟೆಗೆ ಮಣ್ಣು ಮೆತ್ತುವ, ಕೆ.ವಿ. ಗುರುರಾಜ ಮತ್ತು ಸಹಲೇಖಕರು 2014ರಲ್ಲಿ ಹೆಸರಿಸಿದ ಕುಂಬಾರ ಕಪ್ಪೆ ಆ ಇರುಳುಗಪ್ಪೆಗಳಲ್ಲಿ ಒಂದು. ಆಸ್ಟ್ರೊಬಟ್ರಾಕಸ್‌ನ ಕವಲು ಒಡೆದದ್ದು ಆರು ಕೋಟಿ ವರ್ಷಗಳಷ್ಟು ಹಿಂದೆ ಎಂಬುದು ತಂಡದ ಅಂದಾಜು.

ಆತುರ ಏನು ಮಾಡುತ್ತದೆ ಎಂಬುದಕ್ಕೂ ನಮ್ಮ ದೇಶದಲ್ಲೇ ನಿದರ್ಶನವಿದೆ. ‘ಡಿಕಿನ್ಸೋನಿಯ’ ಎಂಬ ಅತಿ ಪ್ರಾಚೀನ ಪಳೆಯುಳಿಕೆಗೆ 1947ರಲ್ಲಿ ಹೆಸರು ಬಂದಾಗಿನಿಂದ ಅದು ಪ್ರಾಣಿಯೋ, ಕಲ್ಲುಹೂವೋ, ಏಕಕೋಶಿಯೋ ಎಂಬ ವಾದ ನಡೆದೇ ಇತ್ತು. ರಷ್ಯದ ಮಾದರಿಗಳಲ್ಲಿ ಕೊಲೆಸ್ಟರಾಲಿನ ಕುರುಹು ಸಿಕ್ಕಿ, ಅದು ಪ್ರಾಣಿ ಎಂಬ ವಾದಕ್ಕೆ ಗಟ್ಟಿ ಆಧಾರ ದೊರೆತದ್ದು 2018ರಲ್ಲಿ. 2021ರಲ್ಲಿ ಅದೇ ಜೀವಿ ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಗೋಡೆಯಲ್ಲಿ ಸಿಕ್ಕಿತೆಂದು ದೊಡ್ಡ ಸುದ್ದಿಯಾಯಿತು. ಬೇರೆ ತಂಡ ಹೋಗಿ ನೋಡಿದಾಗ ಅದು ಬಂಡೆಗೆ ಅಂಟಿದ್ದ ಜೇನುಗೂಡಿನ ಅವಶೇಷ. 2023ರಲ್ಲಿ ತಿದ್ದುಪಡಿ ಪ್ರಕಟವಾಯಿತು, ಮೊದಲು ಹೇಳಿದವರೂ ಅದನ್ನು ಒಪ್ಪಿದರು.

ಪ್ರಥಮ ಪಿಯುಸಿ ವಿದ್ಯಾರ್ಥಿಗಳು ವಿಟೇಕರ್ 1969ರಲ್ಲಿ ಸೂಚಿಸಿದ ಐದು ಸಾಮ್ರಾಜ್ಯಗಳ ವರ್ಗೀಕರಣವನ್ನು ಓದುತ್ತಾರೆ. ವೈರಸ್ ಮತ್ತು ಕಲ್ಲುಹೂವುಗಳಿಗೆ ಅದರಲ್ಲಿ ಜಾಗವಿಲ್ಲ ಎಂಬ ಮಾತು ಪಠ್ಯದಲ್ಲೇ ಇದೆ. ಅದು ಅಧ್ಯಾಯದ ಕೊನೆಗೆ ಬರುತ್ತದೆ, ಆದರೆ ಪಾಠದ ನಡುವೆಯೇ ಬರಬೇಕಾದದ್ದು. ಯಾವ ಜೀವಿ ಯಾವ ಡಬ್ಬಿಗೆ ಎಂದು ಕಂಠಪಾಠ ಮಾಡಿದ ಹುಡುಗಿಗೆ ಆ ಡಬ್ಬಿಗಳನ್ನು ಕಟ್ಟಿದ ಸಾಕ್ಷ್ಯ ಯಾವುದು, ಅದು ಎಲ್ಲಿ ತೆಳುವಾಗಿದೆ ಎಂದು ತಿಳಿಯದಿದ್ದರೆ ಸಂಶೋಧನೆಗೆ ಬರಲು ಅವಳಿಗೆ ಕಾರಣವೇ ಸಿಗದು. ಮಕ್ಕಳಿಗೆ ಗೊಂದಲವಾಗುತ್ತದೆ ಎಂಬ ಆಕ್ಷೇಪವನ್ನು ಅಧ್ಯಾಪಕರು ಎತ್ತಬಹುದು. ತಾವರೆಯ ಎಲೆ, ನೈದಿಲೆಯ ಎಲೆ ಎರಡನ್ನೂ ಮೇಜಿನ ಮೇಲಿಟ್ಟು ಪಾಠ ಶುರುಮಾಡಿದರೆ ಆ ಗೊಂದಲವೇ ಕುತೂಹಲವಾಗುತ್ತದೆ.

ಇದಕ್ಕೆ ಬೇಕಾದ ಸಾಮಗ್ರಿಯೂ ದೂರದಲ್ಲಿಲ್ಲ. ಸೆಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕೋಲ್ಸನ್ ಸಂಪಾದಿಸಿ 1976ರಲ್ಲಿ ಹೊರಬಂದ ಹಾಸನ ಜಿಲ್ಲೆಯ ಸಸ್ಯಕೋಶಕ್ಕಾಗಿ ಕೂಡಿಸಿದ ಒಣಮಾದರಿಗಳು ಭಾರತೀಯ ವಿಜ್ಞಾನ ಸಂಸ್ಥೆಯ ಜೆಸಿಬಿ ಹರ್ಬೇರಿಯಂನಲ್ಲಿವೆ. ಇಂಥ ಸಂಗ್ರಹಗಳನ್ನು ಕಾಯಲು, ಓದಲು ವರ್ಗೀಕರಣ ಬಲ್ಲವರು ಬೇಕು; ನಮ್ಮ ವಿಶ್ವವಿದ್ಯಾಲಯಗಳು ಅಂಥವರಿಗೆ ಹುದ್ದೆ ಕೊಡಬೇಕು. ಪಿಯು ಪಠ್ಯದಲ್ಲಿ ಬೇಕಾದದ್ದು ಒಂದು ಪುಟದಷ್ಟು ಜಾಗ. ಅಲ್ಲಿ ಸಾಗುವಾನಿಯ ಚಿತ್ರ, ಅದರ ಕೆಳಗೆ 2004ರ ಅನಿಶ್ಚಿತ ಪಟ್ಟಿ, 2016ರ ಜೀನ್ ಅಧ್ಯಯನ, 2017ರ ಉಪಕುಟುಂಬ ಎಂದು ಮೂರು ಸಾಲು ಅಚ್ಚಾಗಲಿ. ಪರೀಕ್ಷೆಯಲ್ಲಿ ಮರದ ಕುಟುಂಬ ಯಾವುದೆಂದು ಕೇಳುವ ಒಂದು ಅಂಕದ ಪ್ರಶ್ನೆಯ ಜೊತೆಗೆ, 2004ರಲ್ಲಿ ಅದರ ಉಪಕುಟುಂಬವನ್ನು ಏಕೆ ಹೇಳಲಿಲ್ಲ ಎಂಬ ನಾಲ್ಕು ಅಂಕದ ಪ್ರಶ್ನೆಯೂ ಇರಲಿ.