ನೂಲು ಒಣಗುವ ಲೆಕ್ಕ

ನಾರಾಯಣಪೇಟೆ, ಗದ್ವಾಲಗಳ ಕೈಮಗ್ಗದ ಸೀರೆಗಳು ಹೆಸರುವಾಸಿಯಾದವು. ನೇಯುವುದಕ್ಕೆ ಮೊದಲು ನೂಲಿನ ಲಡಿಗಳಿಗೆ ಬಣ್ಣ ಹಾಕಿ ಒಣಗಲು ತೂಗುಹಾಕುತ್ತಾರೆ. ನೀರನ್ನು ಯಾರೂ ಕುದಿಸುವುದಿಲ್ಲ. ಅದು ತಾನಾಗಿಯೇ ಆವಿಯಾಗಿ ಹೋಗುತ್ತದೆ.

ಈಗ ರಸಾಯನಶಾಸ್ತ್ರದ ಪುಸ್ತಕ ತೆರೆಯೋಣ. ತಾಪ ಮತ್ತು ಒತ್ತಡ ಸ್ಥಿರವಾಗಿದ್ದಾಗ ಒಂದು ಬದಲಾವಣೆ ತಾನಾಗಿ ನಡೆಯುವುದೋ ಇಲ್ಲವೋ ಎಂಬುದನ್ನು ಮುಕ್ತ ಶಕ್ತಿ ತಿಳಿಸುತ್ತದೆ. ಅಮೆರಿಕದ ವಿಜ್ಞಾನಿ ಗಿಬ್ಸ್ 1870ರ ದಶಕದಲ್ಲಿ ಇದರ ತಳಹದಿಯನ್ನು ಹಾಕಿದರು. ಮುಕ್ತ ಶಕ್ತಿಯ ವ್ಯತ್ಯಾಸ ಋಣವಾದರೆ ಬದಲಾವಣೆ ನಡೆಯುತ್ತದೆ; ಧನವಾದರೆ ತಾನಾಗಿ ನಡೆಯದು; ಸೊನ್ನೆಯಾದರೆ ಸಮತೋಲನ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಆವಿಯಾಗುವುದಕ್ಕೆ ಕೋಷ್ಟಕವು ಕೊಡುವ ಪ್ರಮಾಣಿತ ಬೆಲೆ ಮೋಲ್ ಒಂದಕ್ಕೆ ಸುಮಾರು +8.6 ಕಿಲೋಜೂಲ್. ಇದು ಧನ ಬೆಲೆ. ಹಾಗಾದರೆ ನೂಲು ಒಣಗಬಾರದಲ್ಲವೇ?

ನೇಕಾರರ ಮನೆಯ ಹುಡುಗಿ ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾಳೆ. ಪುಸ್ತಕವನ್ನು ನಂಬಬೇಕೋ, ತನ್ನ ಕಣ್ಣನ್ನು ನಂಬಬೇಕೋ? ನಿಜವಾಗಿ ಎರಡೂ ಸುಳ್ಳಲ್ಲ. ನಾವು ಗಮನಿಸದೆ ಬಿಟ್ಟದ್ದು ‘ಪ್ರಮಾಣಿತ’ ಎಂಬ ಪದವನ್ನು. ನೀರಾವಿಯ ಒತ್ತಡ 1 ಬಾರ್ ಇದ್ದರೆ ಎಂಬ ಷರತ್ತು ಆ ಪದದೊಳಗಿದೆ. ಆದರೆ 25 ಡಿಗ್ರಿಯ ಗಾಳಿಯಲ್ಲಿ ನೀರಾವಿಯ ಒತ್ತಡ ಸಾಮಾನ್ಯವಾಗಿ 0.032 ಬಾರ್ ಮೀರುವುದಿಲ್ಲ. ಗಾಳಿಯಲ್ಲಿ ಅದರ ಅರ್ಧದಷ್ಟು ಮಾತ್ರ ಆವಿ ಇದ್ದರೆ ಮುಕ್ತ ಶಕ್ತಿಯ ವ್ಯತ್ಯಾಸ ಸುಮಾರು -1.7 ಕಿಲೋಜೂಲ್ ಆಗುತ್ತದೆ, ನೂಲು ಒಣಗುತ್ತದೆ. ಜಡಿಮಳೆಯ ದಿನ ಗಾಳಿ ಆವಿಯಿಂದ ತುಂಬಿದಾಗ ಬೆಲೆ ಸೊನ್ನೆಯ ಬಳಿ ಬರುತ್ತದೆ; ಲಡಿ ಹಸಿಯಾಗಿಯೇ ಉಳಿಯುತ್ತದೆ.

ಪ್ರಮಾಣಿತ ಸ್ಥಿತಿ ಎಂದರೆ 25 ಡಿಗ್ರಿ ಎಂದು ಹಲವರು ತಿಳಿದಿದ್ದಾರೆ. ಅದೂ ಸರಿಯಲ್ಲ. ಅಂತರರಾಷ್ಟ್ರೀಯ ರಸಾಯನ ವಿಜ್ಞಾನ ಒಕ್ಕೂಟವು 1982ರಲ್ಲಿ 1 ಬಾರ್ ಒತ್ತಡವನ್ನು ಗೊತ್ತುಮಾಡಿತು. ತಾಪವನ್ನು ಬೇರೆಯಾಗಿಯೇ ಹೇಳಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಮಕ್ತಲ್‌ಗೆ 25 ಡಿಗ್ರಿಯ ಕೋಷ್ಟಕವನ್ನು ಹಾಗೆಯೇ ಹೊಂದಿಸಲಾಗದು.

ಹಾಗಾದರೆ ಪ್ರಮಾಣಿತ ಬೆಲೆ ಏಕೆ ಬೇಕು? ನಮ್ಮೂರು ಸಮುದ್ರದಿಂದ ಬಹು ದೂರದಲ್ಲಿದ್ದರೂ ಅದರ ಎತ್ತರವನ್ನು ಸಮುದ್ರ ಮಟ್ಟದಿಂದಲೇ ಅಳೆಯುತ್ತೇವೆ. ಹೋಲಿಕೆಗೆ ಎಲ್ಲರೂ ಒಪ್ಪುವ ಒಂದು ನೆಲೆ ಬೇಕು. ಅಲ್ಲಿಂದ ಲೆಕ್ಕ ಆರಂಭವಾಗುತ್ತದೆ, ಅಲ್ಲಿಗೇ ಮುಗಿಯುವುದಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿದು: ಧನವೋ ಋಣವೋ ಎಂದು ಕಂಠಪಾಠ ಮಾಡಿಸುವ ಮೊದಲು, “ಯಾವ ಸ್ಥಿತಿಯಲ್ಲಿ?” ಎಂದು ಕೇಳುವುದನ್ನು ತರಗತಿಯಲ್ಲಿ ಕಲಿಸಬೇಕು. ಮುಕ್ತ ಶಕ್ತಿ ದಿಕ್ಕನ್ನು ಹೇಳುತ್ತದೆ, ವೇಗವನ್ನಲ್ಲ ಎಂಬುದನ್ನೂ ತಿಳಿಸಬೇಕು. ಆಗ ಮನೆಯಂಗಳದಲ್ಲಿ ಕಂಡ ಸತ್ಯವನ್ನು ಯಾವ ವಿದ್ಯಾರ್ಥಿಯೂ ಪರೀಕ್ಷೆಗಾಗಿ ಬಿಟ್ಟುಕೊಡಬೇಕಾಗಿಲ್ಲ.