ಅಂಕದ ವಿಮರ್ಶೆಯೂ ಕಿವಿಯ ವಿಮರ್ಶೆಯೂ

ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಪ್ರಯೋಗಪರವೆಂದು ಹೆಸರಾದ ಧ್ವನಿಮುದ್ರಿಕೆಗಳನ್ನು ಕುರಿತು ಈಗ ಬರುತ್ತಿರುವ ವಿಮರ್ಶೆಗಳನ್ನು ಓದುವವರಿಗೆ ಒಂದು ಸಂಗತಿಯು ಬೇಗನೆ ಮನವರಿಕೆಯಾಗುವುದು. ಮುದ್ರಿಕೆಯಲ್ಲಿ ಏನು ಕೇಳಿಸುವುದೆಂಬುದೊಂದನ್ನುಳಿದು ಮಿಕ್ಕುದೆಲ್ಲವೂ ಅವುಗಳಲ್ಲಿ ಉಂಟು. ಎಷ್ಟು ಪ್ರತಿಗಳು ಮಾರಾಟವಾಗದೆ ಉಳಿದುವು, ಹಾಡಿದವನು ಎಂಥ ವಿಚಿತ್ರ ಪುರುಷನು, ಹತ್ತಕ್ಕೆ ಅಂಕವೆಷ್ಟು, ಇಷ್ಟಾದರೆ ವಿಮರ್ಶೆ ಮುಗಿಯಿತು! ಇದು ದೂರದ ಜನರ ದೂರದ ಮಾತು, ನಮ್ಮ ಜಿಲ್ಲೆಯ ಮಾಸಪತ್ರಿಕೆಗೆ ಇದರ ಗೊಡವೆ ಏಕೆಂದು ಕೆಲವು ವಾಚಕ ಮಹಾಶಯರು ಕೇಳಬಹುದು. ಆ ಸಂಗೀತವು ಇಂದು ಅಂಗೈಯಲ್ಲಿನ ಫೋನಿನ ಮೂಲಕ ನಮ್ಮ ಹಳ್ಳಿಯ ಹುಡುಗರಿಗೂ ದೊರೆಯುತ್ತಿರುವುದಷ್ಟೆ. ಅದರ ಬೆನ್ನಿಗೆ ಅದನ್ನು ಕುರಿತ ತೀರ್ಪೂ ದೊರೆಯುತ್ತಿದೆ. ಸಂಗೀತವು ಬಂದುದು ಸಂತೋಷವೇ ಸರಿ. ತೀರ್ಪನ್ನು ಮಾತ್ರ ಪರೀಕ್ಷಿಸದೆ ಒಳಕ್ಕೆ ಬಿಟ್ಟುಕೊಳ್ಳಲಾಗದು.

1969ರಲ್ಲಿ ಅಮೆರಿಕದಲ್ಲಿ ಎರಡು ಮುದ್ರಿಕೆಗಳು ಹೊರಟುವು. ಒಂದು, ಕ್ಯಾಪ್ಟನ್ ಬೀಫ್‌ಹಾರ್ಟ್ ಎಂಬ ಹೆಸರಿನಿಂದ ಹಾಡುತ್ತಿದ್ದ ಡಾನ್ ವಾನ್ ವ್ಲೀಟ್ ಮತ್ತು ಅವನ ಮ್ಯಾಜಿಕ್ ಬ್ಯಾಂಡಿನವರ ‘ಟ್ರೌಟ್ ಮಾಸ್ಕ್ ರೆಪ್ಲಿಕಾ’. ಇನ್ನೊಂದು, ನ್ಯೂ ಹ್ಯಾಂಪ್‌ಷೈರಿನ ಫ್ರೀಮಾಂಟ್ ಎಂಬ ಚಿಕ್ಕ ಊರಿನ ವಿಗಿನ್ ಸೋದರಿಯರು ‘ದಿ ಷ್ಯಾಗ್ಸ್’ ಎಂಬ ಮೇಳವನ್ನು ಕಟ್ಟಿಕೊಂಡು ನುಡಿಸಿದ ‘ಫಿಲಾಸಫಿ ಆಫ್ ದಿ ವರ್ಲ್ಡ್’. ಹೊಸದಾಗಿ ಕೇಳುವವನ ಕಿವಿಗೆ ಎರಡೂ ಒಂದೇ ಬಗೆಯ ಗೊಂದಲ. ತಾಳವು ಎತ್ತ ಹೋಯಿತು, ಗಿಟಾರು ಎತ್ತ ಹೋಯಿತು, ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ! ವಿಮರ್ಶಕರಲ್ಲಿ ಬಹುಮಂದಿ ಎರಡಕ್ಕೂ ಒಂದೇ ಮಾತನ್ನು ಹಚ್ಚುವರು: ಸ್ವಚ್ಛಂದ ಸಂಗೀತ, ಕಟ್ಟುಪಾಡನ್ನೇ ಅರಿಯದ ಸಂಗೀತ ಎಂದು. ಈ ಮಾತು ಎರಡೂ ಕಡೆ ಸುಳ್ಳೆಂಬುದೇ ನನ್ನ ವಾದ.

ಮೊದಲನೆಯದನ್ನೇ ತೆಗೆದುಕೊಳ್ಳೋಣ. ನಮ್ಮ ಸಂಗೀತಶಾಸ್ತ್ರದಲ್ಲಿ ಕಲ್ಪಿತ ಸಂಗೀತ, ಮನೋಧರ್ಮ ಸಂಗೀತ ಎಂದು ಎರಡು ಭೇದಗಳುಂಟು. ಮೊದಲೇ ರಚಿಸಿ ಪಾಠಮಾಡಿದ್ದು ಒಂದು, ಆ ಕ್ಷಣದಲ್ಲಿ ಹುಟ್ಟಿಬರುವುದು ಇನ್ನೊಂದು. ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ವನ್ನು ಮನೋಧರ್ಮದ ಉಕ್ಕುವಿಕೆಯೆಂದು ಹೊಗಳುವವರು ತಿಳಿಯಬೇಕಾದುದೇನೆಂದರೆ, ಅದು ಹೆಚ್ಚುಕಡಮೆ ಸಂಪೂರ್ಣವಾಗಿ ಕಲ್ಪಿತ. ಪಿಯಾನೋ ವಾದ್ಯವನ್ನು ಕ್ರಮವಾಗಿ ಕಲಿಯದ ವಾನ್ ವ್ಲೀಟನು ಅದರ ಮೇಲೆ ತೋಚಿದ ತುಣುಕುಗಳನ್ನು ಬಾರಿಸುವನು. ಮೇಳದಲ್ಲಿ ಡ್ರಮ್ ನುಡಿಸುತ್ತಿದ್ದ ಜಾನ್ ಫ್ರೆಂಚ್ ಎಂಬ ತರುಣನು ಅವನ್ನು ಸ್ವರಲಿಪಿಗೆ ಇಳಿಸಿ, ತುಣುಕಿಗೆ ತುಣುಕು ಹೊಂದಿಸಿ, ಗಿಟಾರಿನವರಿಗೂ ಉಳಿದವರಿಗೂ ಪಾಠಹೇಳುವನು. ಲಾಸ್ ಏಂಜಲಿಸ್ ನಗರದ ವುಡ್‌ಲ್ಯಾಂಡ್ ಹಿಲ್ಸ್ ಎಂಬಲ್ಲಿ ಒಂದು ಬಾಡಿಗೆಯ ಮನೆಯೊಳಗೆ ಸುಮಾರು ಎಂಟು ತಿಂಗಳ ಕಾಲ ಈ ಅಭ್ಯಾಸ ನಡೆಯಿತು. ಹೊಟ್ಟೆಗೆ ಸಾಲದ ಊಟ, ನಾಯಕನ ಬೈಗುಳ, ಒಮ್ಮೊಮ್ಮೆ ಹೊಡೆತ! ಇದನ್ನೆಲ್ಲ ಆ ಮೇಳದವರೇ ಆಮೇಲೆ ಹೇಳಿದ್ದಾರೆ. ಫ್ರೆಂಚನು 2010ರಲ್ಲಿ ದೊಡ್ಡದೊಂದು ಗ್ರಂಥವನ್ನೇ ಬರೆದನು. ಇಷ್ಟು ಗಟ್ಟಿಯಾಗಿ ಪಾಠವಾಗಿದ್ದುದರಿಂದಲೇ ಮುದ್ರಣಾಲಯಕ್ಕೆ ಹೋದಾಗ ಹಾಡುಗಳ ವಾದ್ಯಭಾಗದ ಬಹುಪಾಲು ಸುಮಾರು ಆರು ಗಂಟೆಗಳಲ್ಲಿ ಮುಗಿಯಿತು. ಹಾಡುಗಳಾದರೋ ಒಟ್ಟು 28. ಉಕ್ಕುವಿಕೆಯು ಇಷ್ಟು ಅಚ್ಚುಕಟ್ಟಾಗಿ ಸಾಗುವುದುಂಟೆ?

ಮುದ್ರಿಕೆ ಹೊರಬಿದ್ದಾಗ ಅದರ ಹೊದಿಕೆಯ ಮೇಲೆ ಫ್ರೆಂಚನ ಹೆಸರೇ ಇರಲಿಲ್ಲ! ಇಡೀ ಕೃತಿಯನ್ನು ಎಂಟೂವರೆ ಗಂಟೆಗಳಲ್ಲಿ ತಾನೊಬ್ಬನೇ ರಚಿಸಿದೆನೆಂದು ನಾಯಕನು ಹೇಳಿಕೊಂಡನು. ವಿಮರ್ಶಕರು ಅದನ್ನು ನಂಬಿ ದಶಕಗಳ ಕಾಲ ಬರೆದರು. ತನ್ನ ಮಹಿಮೆಯನ್ನು ತಾನೇ ಹೇಳಿಕೊಳ್ಳುವುದು ಕಲಾವಿದನಿಗೆ ಹೊಸದಲ್ಲ. ಆದರೆ ವಿಮರ್ಶಕನ ಕಿವಿಗೆ ಏನಾಗಿತ್ತು? ಮೊದಲ ಹಾಡಾದ ‘ಫ್ರೌನ್‌ಲ್ಯಾಂಡ್’ ಒಂದನ್ನೇ ಮನಸ್ಸಿಟ್ಟು ಮೂರು ಬಾರಿ ಕೇಳಿದವರಿಗೆ, ಎರಡು ಗಿಟಾರುಗಳು ಬೇರೆಬೇರೆ ಅಳತೆಯ ಆವರ್ತಗಳಲ್ಲಿ ಸುತ್ತುತ್ತಿದ್ದು, ಬಿಡುವ ಎಡೆಯಲ್ಲಿ ಒಟ್ಟಿಗೆ ಬಿಟ್ಟು ಹಿಡಿಯುವ ಎಡೆಯಲ್ಲಿ ಒಟ್ಟಿಗೆ ಹಿಡಿಯುವುದು ತಿಳಿಯದಿರದು. ಗೊತ್ತಿಲ್ಲದೆ ಕೈಬಿಟ್ಟವರು ಹಾಗೆ ಒಟ್ಟಿಗೆ ನಿಲ್ಲಲಾರರು. ಸಾಕ್ಷ್ಯವು ನಾದದೊಳಗೇ ಇತ್ತು.

ಷ್ಯಾಗ್ಸ್ ಮೇಳದ ಕಥೆ ಇನ್ನೂ ಮರುಕ ಹುಟ್ಟಿಸುವಂಥದು. ತಂದೆಯಾದ ಆಸ್ಟಿನ್ ವಿಗಿನ್ ತನ್ನ ಹೆಣ್ಣುಮಕ್ಕಳು ಸಂಗೀತದಿಂದ ಖ್ಯಾತರಾಗುವರೆಂದು ತನ್ನ ತಾಯಿ ಹಸ್ತಸಾಮುದ್ರಿಕ ನೋಡಿ ಹೇಳಿದ ಭವಿಷ್ಯವನ್ನು ನಂಬಿ, ಅವರನ್ನು ಶಾಲೆಯಿಂದ ಬಿಡಿಸಿ, ವಾದ್ಯಗಳನ್ನು ಕೈಗೆ ಕೊಟ್ಟು, ದಿನವೂ ಅಭ್ಯಾಸಕ್ಕೆ ಕೂಡಿಸಿದನು. ಊರಿನ ಸಭಾಮಂದಿರದಲ್ಲಿ ಶನಿವಾರ ರಾತ್ರಿ ನುಡಿಸಬೇಕು, ಬೇಡವೆನ್ನುವಂತಿಲ್ಲ. 1975ರಲ್ಲಿ ತಂದೆ ತೀರಿಕೊಂಡನು. ಮೇಳವು ಅಲ್ಲಿಗೆ ನಿಂತಿತು. 1980ರಲ್ಲಿ ಆ ಮುದ್ರಿಕೆಯು ಮತ್ತೆ ಅಚ್ಚಾದಾಗ ವಿಮರ್ಶಕರು ಅದರಲ್ಲಿ ಮುಗ್ಧ ಸ್ವಾತಂತ್ರ್ಯವನ್ನು ಕಂಡರು. ಯಾರ ಸ್ವಾತಂತ್ರ್ಯ? ಇಲ್ಲಿಯೂ ಕಿವಿ ಕೊಟ್ಟವರಿಗೆ ಕೇಳಿಸುವ ಸಂಗತಿಯೊಂದುಂಟು. ಹಾಡುಗಳನ್ನು ಕಟ್ಟಿದ ಡಾಟ್ ವಿಗಿನ್ ತಾನು ಹಾಡುವ ಒಂದೊಂದು ಸ್ವರವನ್ನೂ ಗಿಟಾರಿನಲ್ಲಿ ಹೆಜ್ಜೆಹೆಜ್ಜೆಗೆ ಹಿಂಬಾಲಿಸುವಳು. ಒಂದು ಅಕ್ಷರವನ್ನೂ ಬಿಡಳು. ಅಕ್ಕನ ಡ್ರಮ್ ತನ್ನ ಲೆಕ್ಕದಲ್ಲಿ ತಾನು ನಡೆಯುವುದು. ಇದು ಬಿಡುಗಡೆಯ ಧ್ವನಿಯಲ್ಲ, ಪಾಠವನ್ನು ತಪ್ಪಿಲ್ಲದೆ ಒಪ್ಪಿಸಬೇಕೆಂದು ಅಂಜಿ ನಿಂತ ಮಕ್ಕಳ ಧ್ವನಿ. ಆ ಅಂಜಿಕೆಯ ನಡುವೆಯೂ ಡಾಟ್ ಕಟ್ಟಿದ ರಾಗದ ತಿರುವುಗಳಲ್ಲಿ ಚೆಲುವಿದೆಯೆಂದು ನಾನು ಬಲವಾಗಿ ಹೇಳುತ್ತೇನೆ. ಆ ಚೆಲುವನ್ನು ಎತ್ತಿ ತೋರಿಸುವುದನ್ನು ಬಿಟ್ಟು ನಗೆಯನ್ನೂ ಮೆಚ್ಚುಗೆಯನ್ನೂ ಬೆರಸಿ ಬರೆಯುವುದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆಯೇ ಸರಿ.

ಇನ್ನು, ‘ಕಾಲಕ್ಕಿಂತ ಮುಂದೆ ಹುಟ್ಟಿದ ಕೃತಿ’ ಎಂಬ ಮಂತ್ರ. 1967ರ ‘ದಿ ವೆಲ್ವೆಟ್ ಅಂಡರ್‌ಗ್ರೌಂಡ್ ಅಂಡ್ ನಿಕೋ’ ಎಂಬುದರ ಮೇಲೆ ಇದನ್ನು ಜಪಿಸದವರಿಲ್ಲ. ಮುಂದೆ ಹುಟ್ಟಿತೆಂದರೆ ಆಯಿತು, ಎಲ್ಲಿಂದ ಹುಟ್ಟಿತೆಂದು ಹೇಳುವ ತೊಂದರೆಯೇ ಇಲ್ಲ! ‘ವೀನಸ್ ಇನ್ ಫರ್ಸ್’ ಎಂಬ ಹಾಡಿನ ಕೆಳಗೆ ಬಿಡದೆ ನಿಂತಿರುವ ವಯೋಲಾ ವಾದ್ಯದ ಶ್ರುತಿಯು ಆಕಾಶದಿಂದ ಬಿದ್ದುದಲ್ಲ. ಅದನ್ನು ನುಡಿಸಿದ ಜಾನ್ ಕೇಲ್ ಅದಕ್ಕೆ ಮೊದಲು ನ್ಯೂಯಾರ್ಕಿನಲ್ಲಿ ಲಾ ಮಾಂಟ್ ಯಂಗ್ ಎಂಬ ರಚನಕಾರನ ಸಂಗಡ ಗಂಟೆಗಟ್ಟಲೆ ಒಂದೇ ಶ್ರುತಿಯನ್ನು ಹಿಡಿದು ನಿಲ್ಲುವ ಸಾಧನೆಯನ್ನು ಮಾಡಿದ್ದನು. (ಈ ಯಂಗ್ 1970ರಲ್ಲಿ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರಿಗೆ ಶಿಷ್ಯನಾದನು, ಆ ಘರಾಣೆಯ ಪರಿಚಯವನ್ನು ಧಾರವಾಡದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.) ಆ ಕೃತಿಯು ತನ್ನ ಕಾಲದ, ತನ್ನ ಊರಿನ, ತನ್ನ ಬೀದಿಯ ಕೃತಿ. ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ವನ್ನೂ ಆಗ ಯಾರೂ ಅರಿಯಲಿಲ್ಲವೆಂಬುದು ಕಟ್ಟುಕಥೆ. ಲೆಸ್ಟರ್ ಬ್ಯಾಂಗ್ಸ್ ಅದೇ 1969ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಅದನ್ನು ಕೊಂಡಾಡಿ ಬರೆದನು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು 21ನೆಯ ಸ್ಥಾನಕ್ಕೆ ಏರಿತು.

ಅಂಕಗಳ ಮಾತಿಗೆ ಬರೋಣ. 1996ರಿಂದ ಅಂತರ್ಜಾಲದಲ್ಲಿ ನಡೆದುಬಂದ ‘ಪಿಚ್‌ಫೋರ್ಕ್’ ಎಂಬ ಪತ್ರಿಕೆಯು ಹತ್ತಕ್ಕೆ ಇಷ್ಟೆಂದು, ಅದರಲ್ಲಿಯೂ ದಶಮಾಂಶದವರೆಗೆ ಎಣಿಸಿ, ಅಂಕಗಳನ್ನು ಕೊಡುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದಿತು. 2000ರಲ್ಲಿ ರೇಡಿಯೋಹೆಡ್ ಮೇಳದ ‘ಕಿಡ್ ಎ’ಗೆ ಪೂರ್ಣ ಹತ್ತು, ಅದೇ ವರ್ಷ ಸೋನಿಕ್ ಯೂತ್ ಮೇಳದ ‘ಎನ್‌ವೈಸಿ ಗೋಸ್ಟ್ಸ್ ಅಂಡ್ ಫ್ಲವರ್ಸ್’ಗೆ ಬರಿಯ ಸೊನ್ನೆ. ಒಂದೊಂದು ಹಾಡಿಗೂ ಒಂದೊಂದು ಶ್ರುತಿಯಲ್ಲಿ ಅಣಿಮಾಡಿಟ್ಟುಕೊಂಡಿದ್ದ ಆ ಮೇಳದ ಗಿಟಾರುಗಳು 1999ರಲ್ಲಿ ವಾಹನಸಮೇತ ಕಳವಾಗಿ, ಅವರು ಬೇರೆ ವಾದ್ಯಗಳಿಂದ ಕೆಲಸವನ್ನು ಮತ್ತೆ ಆರಂಭಿಸಬೇಕಾಯಿತು; ಆ ಕೃತಿಯ ಒಣಗಿದ, ತಡವರಿಸುವ ನಾದಕ್ಕೂ ಇದಕ್ಕೂ ಸಂಬಂಧವಿರಲೇಬೇಕು. ಆ ಕೃತಿ ನನಗೂ ಅಷ್ಟಾಗಿ ರುಚಿಸದು. ಆದರೆ ಸೊನ್ನೆಯೆಂದರೆ ಕೇಳತಕ್ಕದ್ದೇನೂ ಇಲ್ಲವೆಂದು ಅರ್ಥವಾಗುವುದಲ್ಲವೆ? 2021ರಲ್ಲಿ ಅದೇ ಪತ್ರಿಕೆಯು ತನ್ನ ಕೆಲವು ಹಳೆಯ ಅಂಕಗಳನ್ನು ತಿದ್ದಿತು: 2003ರಲ್ಲಿ ಸೊನ್ನೆ ಪಡೆದಿದ್ದ ಲಿಜ್ ಫೇರ್‌ಳ ಮುದ್ರಿಕೆಗೆ ಆರು ದೊರೆಯಿತು. ಮುದ್ರಿಕೆಯಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಅಭಿಪ್ರಾಯವು ಬದಲಾಗುವುದು ಸಹಜ, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಸೊನ್ನೆಯಿಂದ ಆರಕ್ಕೆ ಏರಿದ ದಾರಿಯನ್ನು ಅಂಕಿಯು ತೋರಿಸಲಾರದು. ಹಾಗಿದ್ದ ಮೇಲೆ ಅದನ್ನು ಕೊಟ್ಟು ಪ್ರಯೋಜನವೇನು?

ಇದಕ್ಕೆ ಪ್ರತಿವಾದವನ್ನು ನಾನು ಕೇಳಿಬಲ್ಲೆ. ಕೇಳುಗನಿಗೆ ಬೇಕಾದುದು ನಾದ; ಎಂಟು ತಿಂಗಳ ಉಪವಾಸದ ಕಥೆಯೂ ತಂದೆಯ ದರ್ಪದ ಕಥೆಯೂ ಅವನಿಗೇಕೆ ಎನ್ನುವರು. ಮನೆಯೊಳಗಣ ಸುದ್ದಿಯನ್ನು ಹರಟಬೇಕೆಂದು ನಾನೂ ಹೇಳುತ್ತಿಲ್ಲ. ಒಬ್ಬನು ಬರೆದು, ಹೊಂದಿಸಿ, ಕಲಿಸಿದ್ದನ್ನು ಇನ್ನೊಬ್ಬನ ಮಹಿಮೆಯೆಂದು ಬರೆಯಕೂಡದು, ಬಲವಂತದಿಂದ ನುಡಿಸಿದವರನ್ನು ಸ್ವತಂತ್ರರೆಂದು ಕರೆಯಕೂಡದು, ಇಷ್ಟೇ. 2013ರಲ್ಲಿ ಡಾಟ್ ವಿಗಿನ್ ಹೊಸ ಮೇಳವೊಂದನ್ನು ಕೂಡಿಸಿಕೊಂಡು, ಹೇಳುವ ತಂದೆಯಿಲ್ಲದೆ, ಕಾಯಿಸುವ ಶನಿವಾರವಿಲ್ಲದೆ, ‘ರೆಡಿ! ಗೆಟ್! ಗೋ!’ ಎಂಬ ಮುದ್ರಿಕೆಯನ್ನು ಹೊರತಂದಳು. ಸ್ವಚ್ಛಂದವೆಂಬ ಮಾತನ್ನು ಎಲ್ಲಿಯಾದರೂ ಬಳಸಲೇಬೇಕೆಂದಿರುವ ವಿಮರ್ಶಕರು ಅದನ್ನು ತೆಗೆದು ಕೇಳಲಿ.